ಅಘನಾಶಿನಿ ದಡದಲ್ಲಿ ಕ್ಯಾಮೆರಾ ಹಿಡಿದು ಕಲಿತದ್ದು

ಮೊದಲ ಐದಾರು ವಾರ ನಾನು ಸೂರ್ಯ ಮುಳುಗುವ ಹೊತ್ತು ನೋಡಿಕೊಂಡೇ ಹೊರಡುತ್ತಿದ್ದೆ. ಕುಮಟಾದಿಂದ ಅಘನಾಶಿನಿ ಊರಿಗೆ ಬೈಕು, ಅಲ್ಲಿಂದ ತಾರಿ ದೋಣಿಯಲ್ಲಿ ಅಘನಾಶಿನಿ ಹೊಳೆ ದಾಟಿದರೆ ತದಡಿ ಬಂದರು. ಫೋಟೊಗಳಲ್ಲಿ ಬಣ್ಣ ಇರುತ್ತಿತ್ತು. ಆದರೆ ಮೇಲೆ ಆಕಾಶ, ಕೆಳಗೆ ನೀರು, ನಡುವೆ ಒಂದು ಗೆರೆ. ಕಣ್ಣು ನಿಲ್ಲುವ ಜಾಗವೇ ಇರಲಿಲ್ಲ.

ಒಂದು ಸಂಜೆ ದೋಣಿಯ ಪಕ್ಕ ಬಲೆ ಬಿಡಿಸುತ್ತಿದ್ದ ಅಜ್ಜ ಒಬ್ಬರು ನನ್ನನ್ನು ನೋಡಿ ಹೇಳಿದರು: "ಸೂರ್ಯ ಇದ್ರೆ ಸಾಲೂದಿಲ್ಲ ತಮಾ, ನೀರು ನೋಡ್ಕಂಡು ಬರ್ಬೇಕು."

ನನ್ನ ಕಲಿಕೆ ನಿಜವಾಗಿ ಶುರುವಾದದ್ದು ಆ ಮಾತಿನಿಂದ. ಇಲ್ಲಿ ಹೊಳೆ ಸಮುದ್ರ ಸೇರುತ್ತದೆ. ದಿನಕ್ಕೆ ಎರಡು ಸಲ ನೀರು ಏರುವ ಭರತ, ಎರಡು ಸಲ ಇಳಿತ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಆಗ ಸಂಜೆಗೆ ನೀರು ಚೆನ್ನಾಗಿ ಇಳಿದಿರುತ್ತದೆ. ಅಷ್ಟಮಿ ಹೊತ್ತಿಗೆ ಇದು ತಿರುಗಿ, ಸಂಜೆ ನೀರು ತುಂಬಿರುತ್ತದೆ, ಏರಿಳಿತ ಮಾತ್ರ ಕಡಿಮೆ. ಹಾಗಾಗಿ ಈಗ ನಾನು ಮೊದಲು ನೋಡುವುದು ಗೋಡೆಯ ಕ್ಯಾಲೆಂಡರಿನ ತಿಥಿ. ಹೊಳೆಯ ಒಳಗೆ ಹೋದಂತೆ ಇಳಿತ ಸ್ವಲ್ಪ ತಡವಾಗುತ್ತದೆ, ಅದನ್ನು ಮಾತ್ರ ದೋಣಿಯವರನ್ನೇ ಕೇಳುತ್ತೇನೆ.

ಇಳಿತದಲ್ಲಿ ಅದೇ ಜಾಗ ಬೇರೆಯೇ ಆಗುತ್ತದೆ. ಮರಳಿನ ದಿಬ್ಬಗಳು ಏಳುತ್ತವೆ. ಕೆಸರಿನ ಮೇಲೆ ನೀರು ಹರಿದ ಗೆರೆಗಳು ಬೀಳುತ್ತವೆ. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರುಗಳು ಹೊರಗೆ ಕಾಣುತ್ತವೆ, ದೋಣಿ ಓರೆಯಾಗಿ ಮಲಗಿರುತ್ತದೆ. ಫೋಟೊದ ಮುಂಭಾಗಕ್ಕೆ ಇದಕ್ಕಿಂತ ಇನ್ನೇನು ಬೇಕು? ಒಂದು ದೋಣಿ ಸಿಕ್ಕರೆ ನಾನು ಅದರ ಸುತ್ತ ಹತ್ತು ನಿಮಿಷ ಸುಮ್ನೆ ನಡೆಯುತ್ತೇನೆ. ಮೂತಿ ಎತ್ತ ತಿರುಗಿದೆ, ಕಟ್ಟಿದ ಹಗ್ಗ ಎಲ್ಲಿಗೆ ಹೋಗಿದೆ ಎಂದು ನೋಡಿದ ಮೇಲೆಯೇ ಟ್ರೈಪಾಡ್ ಬಿಚ್ಚುವುದು. ಮೊಣಕಾಲೂರಿ ಕೂತು ನೋಡಿದರೆ ಸಣ್ಣ ನೀರಿನ ಗುಂಡಿಯಲ್ಲೂ ಇಡೀ ಆಕಾಶ ಸಿಗುತ್ತದೆ.

ನನ್ನ ಹತ್ತಿರ ಇರುವುದು ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರ್‌ನ ಹಳೇ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಎಂಎಂ ಜೂಮ್ ಲೆನ್ಸ್. ಕಲಿಯುವವರಿಗೆ ಇಷ್ಟು ಧಾರಾಳವಾಗಿ ಸಾಕು. 18 ಎಂಎಂ, ಎಫ್/11 (ಲೆನ್ಸಿನ ಕಿರಿದಾದ ಕಂಡಿ), ಐಎಸ್ಒ 100 (ಬೆಳಕಿಗೆ ಕಡಿಮೆ ಸೂಕ್ಷ್ಮತೆ) ಇಟ್ಟು ಸುಮಾರು ಒಂದೂವರೆ ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ, ಮುಕ್ಕಾಲು ಮೀಟರಿನಿಂದ ಹಿಡಿದು ದೂರದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಹಣ ಉಳಿದರೆ ಇನ್ನೊಂದು ಲೆನ್ಸ್ ಬೇಡ, ಪೋಲರೈಸರ್ ಫಿಲ್ಟರ್ ತೆಗೆದುಕೊಳ್ಳಿ. ಒದ್ದೆ ಕೆಸರಿನ ಬಿಳಿ ಹೊಳಪನ್ನು ಅದು ಕತ್ತರಿಸುತ್ತದೆ. ಆದರೆ ನೀರಿನಲ್ಲಿ ಪ್ರತಿಬಿಂಬ ಬೇಕಿದ್ದಾಗ ಅದನ್ನು ತಿರುಗಿಸಿ ನೋಡಿ, ಇಲ್ಲದಿದ್ದರೆ ಪ್ರತಿಬಿಂಬವೂ ಮಾಯವಾಗುತ್ತದೆ.

ಒಂದು ತಪ್ಪಿನಿಂದ ಇಡೀ ಸಂಜೆಯ ಫೋಟೊಗಳು ಹಾಳಾದವು. ನೀರು ನಯವಾಗಿ ಬರಲಿ ಎಂದು ಎಂಟು ಸೆಕೆಂಡು ಬೆಳಕು ಒಳಗೆ ಬಿಡುವ ಎಕ್ಸ್‌ಪೋಶರ್ ಇಟ್ಟಿದ್ದೆ. ಕೆಸರಿನಲ್ಲಿ ಟ್ರೈಪಾಡಿನ ಕಾಲು ನಿಧಾನವಾಗಿ ಇಳಿಯುತ್ತಲೇ ಇತ್ತು. ಚಿಕ್ಕ ಪರದೆಯಲ್ಲಿ ಏನೂ ಗೊತ್ತಾಗಲಿಲ್ಲ, ಮನೆಗೆ ಬಂದು ನೋಡಿದರೆ ಒಂದೂ ಸ್ಪಷ್ಟವಿಲ್ಲ. ಈಗ ಕಾಲುಗಳನ್ನು ಮೊದಲೇ ಒತ್ತಿ ಗಟ್ಟಿಯಾಗಿ ಊರುತ್ತೇನೆ. ಸಡಿಲ ಕೆಸರಿದ್ದರೆ ಅಡಿಗೆ ಚಪ್ಪಟೆ ಕಲ್ಲು ಇಡುತ್ತೇನೆ. ಎರಡು ಸೆಕೆಂಡ್ ಟೈಮರ್ ಹಾಕಿ ತೆಗೆದು, ಅಲ್ಲೇ ದೊಡ್ಡದು ಮಾಡಿ ನೋಡುತ್ತೇನೆ. ನೀರು ಏರುವಾಗ ಹಿಂದಿನ ದಾರಿ ಮುಚ್ಚಿಹೋಗಬಹುದು. ಒಬ್ಬರೇ ದಿಬ್ಬದ ತುದಿಗೆ ಹೋಗಬೇಡಿ.

ಇಳಿತದ ಹೊತ್ತು ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಮೀನು) ಆರಿಸುವ ಹೆಂಗಸರು ಹೊಳೆಗೆ ಇಳಿಯುತ್ತಾರೆ. ಅದು ಅವರ ಹೊಟ್ಟೆಪಾಡು. ನಮ್ಮ ಫೋಟೊ ಚೆಂದ ಕಾಣಲಿ ಎಂದು ಅವರು ಅಲ್ಲಿ ನಿಂತಿಲ್ಲ. ನಾನು ದಡದಲ್ಲಿ ಕ್ಯಾಮೆರಾ ಕೆಳಗಿಟ್ಟು ಮೊದಲು ಮಾತಾಡಿಸುತ್ತೇನೆ. "ಅಕ್ಕಾ, ದೂರದಿಂದ ಒಂದು ತೆಗೀಲಾ?" ಬೇಡ ಎಂದರೆ ಅಲ್ಲಿಗೆ ಮುಗಿಯಿತು. ತೆಗೆದದ್ದನ್ನು ಪ್ರಿಂಟ್ ಹಾಕಿಸಿ ಮುಂದಿನ ಸಲ ಕೊಡುತ್ತೇನೆ. ಹಾಗೆ ಕೊಟ್ಟ ಒಂದು ಫೋಟೊ ನೋಡಿ ಒಬ್ಬ ಅಕ್ಕ ತನ್ನ ಮುಖ ಹುಡುಕಲೇ ಇಲ್ಲ. ದಿಬ್ಬದ ಮೇಲೆ ಬೆರಳಿಟ್ಟು, "ಇದು ಹುಣ್ಣಿಮೆ ಮರುದಿವ್ಸದ್ದು ಅಲ್ವಾ?" ಎಂದರು. ಫೈಲಿನ ತಾರೀಖು ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ.

ಮನೆಗೆ ಬಂದ ತಕ್ಷಣ ಟ್ರೈಪಾಡಿನ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಉಪ್ಪು ಸ್ಕ್ರೂಗಳನ್ನು ಬೇಗ ತಿನ್ನುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಹೋಗುವಂತಿಲ್ಲ. ಆಗ ತದಡಿಯಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತಿರುತ್ತವೆ, ಹೊಳೆ ಕೆಂಪಗೆ ಹರಿಯುತ್ತದೆ, ಮೋಡ ಗಂಟೆಗೊಂದು ಬಣ್ಣ ತಿರುಗುತ್ತದೆ. ನನಗೆ ವರ್ಷದಲ್ಲಿ ಎಲ್ಲಕ್ಕಿಂತ ಇಷ್ಟವಾದ ಕಾಲ ಇದು. ಒಂದು ಕೊಡೆ, ಎರಡು ಒಣ ಬಟ್ಟೆ, ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ನಾನು ದೋಣಿ ನಿಲ್ಲುವ ದಕ್ಕೆಯ ಮಾಡಿನ ಕೆಳಗೆ ನಿಂತು ಮಳೆ ಬಿಡುವ ಆ ಐದು ನಿಮಿಷಕ್ಕೆ ಕಾಯುತ್ತೇನೆ.