ಚೌಡಿಯ ಖತಾವಣಿ

ನಮ್ಮ ಸಹಕಾರ ಸಂಘದ ಗೋದಾಮಿನಲ್ಲಿ ಗೆದ್ದಲು ತಿಂದು ಉಳಿಸಿದ ಒಂದು ಹಳೇ ಖತಾವಣಿ ಪುಸ್ತಕವಿತ್ತು. ಕೆಂಪು ಬಟ್ಟೆಯ ರಟ್ಟು, ಒಳಗೆ ಇನ್ನೂರು ಚಿಲ್ಲರೆ ಖಾಲಿ ಹಾಳೆ, ಪ್ರತಿ ಹಾಳೆಯಲ್ಲೂ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಗುಜರಿಗೆ ಹೋಗಬೇಕಿದ್ದದ್ದನ್ನು ಕಾರ್ಯದರ್ಶಿಗಳನ್ನು ಕೇಳಿ ಮನೆಗೆ ತಂದೆ. ಒಂದೂವರೆ ವರ್ಷದಿಂದ ಮೊಬೈಲಿನ ಕತೆಗಳ ಆ್ಯಪಿನಲ್ಲಿ ವಾರಕ್ಕೆ ಎರಡು ಕಂತು ಬರೆಯುತ್ತಿರುವ ನನ್ನ ಫ್ಯಾಂಟಸಿ ಕಾದಂಬರಿ ನಿಂತಿರುವುದು ಆ ಪುಸ್ತಕದ ಮೇಲೆ. ಕಲ್ಪನೆ ಗಿಲ್ಪನೆ ಎಲ್ಲ ಆಮೇಲಿನ ಮಾತು.

ಕತೆಯ ಬೀಜ ಮಾತ್ರ ಅಜ್ಜಿಯದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಹಿನ್ನೀರು ನಿಂತು ಅಜ್ಜಿಯ ಮನೆ, ಗದ್ದೆ, ತೋಟ ಎಲ್ಲ ಒಳಗೆ ಹೋಯಿತು. ನಮ್ಮ ಕಡೆ ಅದಕ್ಕೆ 'ಮುಳುಗಡೆ' ಅನ್ನುವ ಒಂದೇ ಶಬ್ದ. ಕಾಲವನ್ನೂ ಅದರಿಂದಲೇ ಅಳೆಯುತ್ತಾರೆ, ಮುಳುಗಡೆಗೆ ಮುಂಚೆ, ಮುಳುಗಡೆ ಆದ ಮೇಲೆ. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, ಹೊರಡುವಾಗ ಎಲ್ಲ ತಂದಿರಾ ಅಂತ. "ಪಾತ್ರೆ ತಂದ್ವಿ, ದನ ಹೊಡ್ಕಂಡು ಬಂದ್ವಿ. ಚೌಡಿನ ಯಾರು ಹೊತ್ಕಂಡು ಬರ್ತಾರೆ? ಅಪ್ಪಣೆ ಆಗ್ಲಿಲ್ಲ. ಅಲ್ಲೇ ಕೂತಿದಾಳೆ" ಅಂದಳು. ಚೌಡಿ ಅಂದರೆ ನಮ್ಮ ಕಡೆ ಊರು ಕಾಯುವ ದೇವತೆ. ಅಜ್ಜಿ ಕೂತಿದ್ದಳು ಅನ್ನಲಿಲ್ಲ, ಕೂತಿದಾಳೆ ಅಂದಳು. ಇಪ್ಪತ್ತೈದು ವರ್ಷ ಆ ಮಾತು ನನ್ನೊಳಗೆ ಸುಮ್ಮನೆ ಬಿದ್ದಿತ್ತು.

ಮಳೆ ಕೈಕೊಟ್ಟ ವರ್ಷದ ಮರು ಬೇಸಿಗೆಯಲ್ಲಿ ಮಡೆನೂರು ಅಣೆಕಟ್ಟು ನೋಡಲು ಹೋದೆವು. 1948ರಲ್ಲಿ ಕಟ್ಟಿದ್ದು, ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲಿಕ್ಕೆ. ಹದಿನಾರು ವರ್ಷದಲ್ಲಿ ತನಗಿಂತ ದೊಡ್ಡ ಅಣೆಕಟ್ಟಿನ ನೀರಲ್ಲಿ ತಾನೇ ಮುಳುಗಿತು. ನೀರು ತೀರಾ ಇಳಿದರೆ ಮೇಲೆ ಕಾಣುತ್ತದೆ. ಇಷ್ಟು ವರ್ಷ ನೀರಲ್ಲಿದ್ದೂ ಆ ಗೋಡೆ ಅಲ್ಲಾಡಿಲ್ಲ. ನಡುವೆ ಒಣಗಿ ಬಿರಿದ ಕೆಸರು, ಅದರ ಮೇಲೆ ಜನ ಕಾರು ನಿಲ್ಲಿಸಿಕೊಂಡು ಫೋಟೋ ತೆಗೆಯುತ್ತಿದ್ದರು. ಹಾಗಾದರೆ ನೀರು ಇನ್ನೊಂದಡಿ ಇಳಿದರೆ ಏನು ಮೇಲೆ ಬರುತ್ತದೆ? ಇನ್ನೂ ಒಂದಡಿ? ವಾಪಸು ಬರುವಾಗ ಹಿನ್ನೀರು ದಾಟಿಸುವ ಲಾಂಚಿನಲ್ಲಿ ನಿಂತು ಮೊದಲ ಸಾಲು ಬರೆದೆ.

ಹೀಗಾಗಿ ನನ್ನ ಲೋಕದ ಮೊದಲ ಕಾನೂನು ನೀರಿನ ಮಟ್ಟ. ಲಿಂಗನಮಕ್ಕಿ ತುಂಬಿದರೆ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಜಲಾಶಯದ ಮಟ್ಟ ಬರುತ್ತದಲ್ಲ, ಹಾಗೆ ನನ್ನ ಪ್ರತಿ ಕಂತಿನ ತಲೆಯ ಮೇಲೂ ಒಂದು ಅಂಕಿ. ಒಂದಡಿ ಇಳಿದರೆ ತಳದ ಊರಿನ ಒಂದು ಮನೆಯ ಬಾಗಿಲು ತೆರೆಯುತ್ತದೆ. ಬಿಟ್ಟು ಬಂದದ್ದನ್ನು ಕೇಳಿಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು, ಚೌಡಿ ಕೊಡುತ್ತಾಳೆ. ಬಿಟ್ಟಿ ಅಲ್ಲ.

ಈ 'ಬಿಟ್ಟಿ ಅಲ್ಲ' ಅನ್ನುವುದು ಹೊಳೆಯಲು ಹನ್ನೆರಡು ಕಂತು ಹಾಳಾಯಿತು. ಮೊದಮೊದಲು ನನ್ನ ಚೌಡಿ ಕೇಳಿದವರಿಗೆಲ್ಲ ಕೊಡುತ್ತಿದ್ದಳು; ಯಾರಿಗಾದರೂ ಕಷ್ಟ ಬಂದರೆ ಓದುಗರಿಗೆ ಮೊದಲೇ ಗೊತ್ತು, ಚೌಡಿ ಬಂದು ಬಿಡಿಸುತ್ತಾಳೆ. ಒಂದು ದಿನ ಸಂಘದಲ್ಲಿ ನಗದು ಪುಸ್ತಕಕ್ಕೆ ನಲವತ್ತು ರೂಪಾಯಿ ತಾಳೆಯಾಗದೆ ಸಂಜೆ ಏಳರವರೆಗೆ ಕೂತಿದ್ದೆ. ಆವಾಗ ಅನಿಸಿತು, ನಲವತ್ತು ರೂಪಾಯಿಗೆ ಇಷ್ಟು ಹುಡುಕುವ ನಾನು, ಕತೆಯಲ್ಲಿ ಚೌಡಿ ಒಬ್ಬ ತಾಯಿಗೆ ಸತ್ತ ಮಗಳ ದನಿ ವಾಪಸು ತಂದುಕೊಟ್ಟಾಗ ಎದುರಿಗೆ ಏನೂ ಬರೆಯಲಿಲ್ಲವಲ್ಲ! ಅವತ್ತಿನಿಂದ ಕೆಂಪು ಪುಸ್ತಕ, ಹಳೇ ಕಂತುಗಳ ಲೆಕ್ಕವನ್ನೂ ಅದರಲ್ಲೇ ತುಂಬಿಸಿದೆ. ಜಮಾ: ತಾಯಿಗೆ ಮಗಳ ದನಿ ಕೇಳಿಸಿತು. ಖರ್ಚು: ಆ ತಾಯಿಗೆ ಉಪ್ಪಿನ ರುಚಿ ಹೋಯಿತು. ಬರೆದ ಮೇಲೆ ಕತೆ ತಾನಾಗಿ ನಡೆಯಿತು. ಆ ಮನೆಯಲ್ಲಿ ದಿನಾ ಸಾರು ಉಪ್ಪುಕಹಿ. ಗಂಡ ಮೂರು ದಿನ ಸುಮ್ಮನೆ ಉಂಡ, ನಾಲ್ಕನೇ ದಿನ ತಟ್ಟೆ ಸರಿಸಿದ. ಅಷ್ಟಕ್ಕೇ ಎರಡು ಕಂತು ಸಿಕ್ಕಿತು.

ಬರೆಯುವ ಹೊತ್ತು ಬೆಳಗ್ಗೆ ಐದರಿಂದ ಆರೂವರೆ. ಹಾಲು ಕರೆದು ಡೇರಿಗೆ ಕಳಿಸುವ ಮುಂಚೆ. ಸಂಜೆ ಬಸ್ಸಿನಲ್ಲಿ ತಿದ್ದುತ್ತೇನೆ. ಮೊದಲ ಕಂತುಗಳನ್ನು ಆಫೀಸಿನ ಕಂಪ್ಯೂಟರಿನಲ್ಲಿ ಹಳೇ 'ನುಡಿ' ಫಾಂಟಿನಲ್ಲಿ ಹೊಡೆದಿದ್ದೆ; ಆ್ಯಪಿಗೆ ಅಂಟಿಸಿದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷು. ಯೂನಿಕೋಡಿಗೆ ಪರಿವರ್ತನೆ ಮಾಡಿದ ಮೇಲೂ ಅರ್ಕಾವೊತ್ತುಗಳು ಅಲ್ಲಲ್ಲಿ ಎಡವಿದ್ದವು, ಕೂತು ಒಂದೊಂದನ್ನೇ ಹೆಕ್ಕಿದೆ. ಬಾಯಲ್ಲಿ ಹೇಳಿ ಟೈಪು ಮಾಡಿಸುವುದನ್ನೂ ನೋಡಿದೆ. ನನ್ನ ಮಲೆನಾಡ ಮಾತಿಗೆ ಅದು 'ಹಿನ್ನೀರು' ಅಂದರೆ 'ಹೆಣ್ಣು ಯಾರು' ಅಂತ ಬರೆಯಿತು. ಬಿಟ್ಟೆ. ಈಗ ಹೆಬ್ಬೆರಳೇ ಗತಿ.

ಕಳೆದ ಕೊಯ್ಲಿನಲ್ಲಿ ಐದು ವಾರ ಏನೂ ಹಾಕಲಾಗಲಿಲ್ಲ. ಹಗಲು ಸಂಘ, ರಾತ್ರಿ ಅಡಿಕೆ. ಆ್ಯಪಿನವರ ಲೆಕ್ಕದಲ್ಲಿ ನಾನು ಸತ್ತಂತೆಯೇ. ಮತ್ತೆ ಶುರು ಮಾಡಿದಾಗ ಓದುವವರು ಅರ್ಧಕ್ಕರ್ಧ ಇಳಿದಿದ್ದರು, ತಿಂಗಳಿಗೆ ಬರುತ್ತಿದ್ದ ಒಂದೆರಡು ಸಾವಿರವೂ ಮುನ್ನೂರಕ್ಕೆ ಬಂತು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಆ ಐದು ವಾರದಲ್ಲಿ ಕಲಿತಷ್ಟು ಬೇರೆ ಯಾವಾಗಲೂ ಕಲಿಯಲಿಲ್ಲ.

ಸುಲಿಯುವವರು ರಾತ್ರಿ ಊಟ ಮಾಡಿ ಬರುತ್ತಾರೆ. ಏಳೆಂಟು ಹೆಂಗಸರು, ಸಾಲಾಗಿ ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆಯ ರಾಶಿ. ಡಬ್ಬಕ್ಕೆ ಇಷ್ಟು ಅಂತ ಕೂಲಿ, ಆದ್ದರಿಂದ ಕೈ ನಿಲ್ಲಿಸಿದರೆ ಅವರಿಗೇ ನಷ್ಟ. ಬರೆಯಲು ಪುರುಸೊತ್ತಿಲ್ಲವಲ್ಲ ಅಂತ ಮುಂದಿನ ಕಂತನ್ನು ಅವರಿಗೆ ಬಾಯಲ್ಲೇ ಹೇಳತೊಡಗಿದೆ. ಟಕ್ ಟಕ್ ಅಂತ ಕತ್ತಿಯ ಸದ್ದು ನಡೆದೇ ಇರುತ್ತದೆ. ನಾನು ಮೋಡ, ಮಂಜು, ಬೆಳದಿಂಗಳು ಅಂತ ಬಣ್ಣಿಸುವಾಗ ಸದ್ದು ಇನ್ನೂ ಜೋರಾಗುತ್ತಿತ್ತು. ಆಕಳಿಸುತ್ತಿದ್ದರು. ಬಾವಿಯ ಹಗ್ಗ ತಾನಾಗಿ ಕೆಳಗಿನಿಂದ ಜಗ್ಗಿತು ಅಂದೆ ನೋಡಿ, ಎರಡು ಕತ್ತಿ ನಿಂತವು. ಹಗ್ಗ ಹಿಡಿದವಳು ಮೆಲ್ಲಗೆ "ಯಾರದು?" ಅಂದಳು ಅಂದಾಗ ಇಡೀ ಚಪ್ಪರದಲ್ಲಿ ಸದ್ದಿಲ್ಲ. ಮರುದಿನ ಬೆಳಗ್ಗೆ ಬೆಳದಿಂಗಳ ಮೂರು ಪ್ಯಾರಾ ಹೊಡೆದು ಹಾಕಿದೆ. ಈಗಲೂ ಬರೆಯುವಾಗ ಆ ಕತ್ತಿಗಳ ಸದ್ದು ಕಿವಿಯಲ್ಲಿರುತ್ತದೆ.

ತಪ್ಪುಗಳಿಗೇನೂ ಕೊರತೆಯಿಲ್ಲ. 61ನೇ ಕಂತಿನಲ್ಲಿ ಫೆಬ್ರವರಿ ತಿಂಗಳಲ್ಲಿ ನೀರು ಮೂರಡಿ ಏರಿಸಿಬಿಟ್ಟಿದ್ದೆ, ನಾಯಕಿ ಓಡಿ ತಪ್ಪಿಸಿಕೊಳ್ಳಬೇಕಿತ್ತು, ಅದಕ್ಕೆ. ಕೆಇಬಿಯಿಂದ ನಿವೃತ್ತರಾದ ಓದುಗರೊಬ್ಬರು ಬರೆದರು: "ಮೇಡಂ, ಟರ್ಬೈನು ನಿಲ್ಲಿಸಿದರೂ ಫೆಬ್ರವರಿಯಲ್ಲಿ ಮೂರಡಿ ಏರಲ್ಲ. ಮಳೆ ಎಲ್ಲಿಂದ ತಂದ್ರಿ?" ನಾಚಿಕೆಯಾಯಿತು. ಚೌಡಿ, ದೆವ್ವ, ಮಾತಾಡುವ ಮೊಸಳೆ ಎಲ್ಲವನ್ನೂ ನಂಬಿದ ಮನುಷ್ಯ ಅವರು. ಮೂರಡಿ ನೀರನ್ನು ನಂಬಲಿಲ್ಲ. ಅವರದ್ದೇ ಸರಿ. ತಿದ್ದಲಿಲ್ಲ, ಕೆಂಪು ಪುಸ್ತಕದಲ್ಲಿ ಬರೆದುಕೊಂಡೆ: ಮೂರಡಿ ನೀರು, ಕೊಟ್ಟವರು ಯಾರು? ಉತ್ತರ ಹುಡುಕುತ್ತಾ ಹೋಗಿ ಕತೆಗೆ ಹೊಸ ಖಳ ಸಿಕ್ಕ.

2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಎರಡು ಕಿಲೋಮೀಟರಿಗೂ ಉದ್ದ. ಆಚೆ ದಡದ ಕರೂರು ಸೀಮೆಯವರು ದಶಕಗಳಿಂದ ಕಾದ ಸೇತುವೆ, ಆಸ್ಪತ್ರೆಗೆ ಹೋಗುವವರ ಕಷ್ಟ ನಾನೇ ಕಂಡಿದ್ದೇನೆ. ಆದರೂ ಕತೆಗಾರ್ತಿಯ ಸ್ವಾರ್ಥ ನೋಡಿ, ನನಗೆ ಹೊಟ್ಟೆ ಧಸಕ್ಕೆಂದಿತು. ನನ್ನ ಅರ್ಧ ಕತೆ ಲಾಂಚಿನ ಮೇಲೆ ನಡೆಯುತ್ತದೆ! ಕೊನೆಗೆ ಸೇತುವೆ ತೆರೆಯುವ ಹಿಂದಿನ ರಾತ್ರಿಗೇ ಕಾದಂಬರಿ ಮುಗಿಯಬೇಕು ಅಂತ ಗೆರೆ ಹಾಕಿದೆ. ಹೇಗೆ ಮುಗಿಯಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಈ ಸಲ ಕೊಯ್ಲಿಗೆ ಮುಂಚೆ ಪುಸ್ತಕವನ್ನು ಮೊದಲಿಂದ ತಾಳೆ ನೋಡಿದೆ, 128 ಕಂತು. ಶಿಲ್ಕು ಹೊಂದಲಿಲ್ಲ. ಎರಡು ರಾತ್ರಿ ಹುಡುಕಿದ ಮೇಲೆ 9ನೇ ಕಂತಿನಲ್ಲಿ ಸಿಕ್ಕಿತು. ಜಮಾ: ಬಿರುಗಾಳಿಯಲ್ಲಿ ಲಾಂಚ್ ಡ್ರೈವರಿಗೆ ಚೌಡಿ ದಾರಿ ತೋರಿಸಿದಳು, ನಲವತ್ತು ಜನ ಉಳಿದರು. ಖರ್ಚಿನ ಬದಿ ಖಾಲಿ. ಅವನು ಏನೂ ಕೊಟ್ಟಿಲ್ಲ. ಕೊನೆಯ ಟ್ರಿಪ್ಪಿನಲ್ಲಿ ಅವಳು ಕೇಳಲು ಬರುತ್ತಾಳೆ, ಅದೇ ಮುಕ್ತಾಯ.

ಮೊನ್ನೆ ರಾತ್ರಿ ಸುಲಿತದ ಚಪ್ಪರದಲ್ಲಿ ಅಷ್ಟನ್ನೂ ಹೇಳಿ, ಅವನಿಂದ ಏನು ತಗೊಳ್ಳಲಿ ಅಂತ ಕೇಳಿದೆ. ಎಲ್ಲರ ಕತ್ತಿಯೂ ನಿಂತಿತ್ತು. ಮೂಲೆಯಲ್ಲಿ ಕೂತಿದ್ದ ಹಿರಿಯಾಕೆ ಕವಳ ಉಗಿದು ಬಂದು, "ಅದಿರ್ಲಿ ಅಕ್ಕಾ, ಇಷ್ಟು ದಿನದ ಬಡ್ಡಿ ಹಾಕಿದ್ಯಾ?" ಅಂದಳು.

ಹಾಕಿರಲಿಲ್ಲ.