ಕಾಂಪೋಸ್ಟ್‌ನಲ್ಲಿ ಕೆಂಪಿರುವೆ ಗೂಡು ಕಟ್ಟಿದರೆ ಮೊದಲು ನೀರು ನೋಡಿ

ಬೇಸಿಗೆ ಬಂತು ಅಂದರೆ ಕಾಂಪೋಸ್ಟ್‌ಗೆ ಕೆಂಪಿರುವೆ ಕಾಟ ಶುರು. ಕೈ ಹಾಕಿದರೆ ಉರಿ, ಆಮೇಲೆ ಗುಳ್ಳೆ. ದಯವಿಟ್ಟು ಇರುವೆ ಪುಡಿ, ಚಾಕ್ ಹಾಕಬೇಡಿ. ಆ ವಿಷ ಗೊಬ್ಬರಕ್ಕೆ ಸೇರುತ್ತೆ, ಅದೇ ಗೊಬ್ಬರ ನಮ್ಮ ಸೊಪ್ಪಿನ ಕುಂಡಕ್ಕೆ ಹೋಗುತ್ತೆ ಅಲ್ವಾ?

ಇರುವೆ ಗೂಡು ಕಟ್ಟಿದೆ ಅಂದರೆ ಸಾಮಾನ್ಯವಾಗಿ ರಾಶಿ ಒಣಗಿದೆ ಅಂತ ಅರ್ಥ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಹಿಂಡಿದ ಬಟ್ಟೆಯಷ್ಟು ಒದ್ದೆ ಇರಬೇಕು, ಒಂದೆರಡು ಹನಿ ಬಂದರೆ ಸಾಕು. ಪುಡಿಪುಡಿಯಾಗಿ ಉದುರಿದರೆ ನೀರು ಕಡಿಮೆ. ಆಗ ಗಟ್ಟಿ ಕೈಗವಸು, ಬೂಟು ಹಾಕಿಕೊಂಡು, ಉದ್ದ ಹಿಡಿಯ ಸಲಿಕೆಯಿಂದ ತಳದವರೆಗೂ ಮಗುಚಿ. ಮಗುಚುತ್ತಾ ನೀರು ಚಿಮುಕಿಸಿ. ಎರಡು ದಿನ ಬಿಟ್ಟು ಮತ್ತೆ ಅದೇ ಕೆಲಸ. ಗೂಡು ಪದೇ ಪದೇ ಕದಡಿದರೆ, ಒದ್ದೆಯಾದರೆ ಇರುವೆಗಳು ಮೊಟ್ಟೆ ಹೊತ್ತುಕೊಂಡು ಬೇರೆ ಜಾಗ ಹುಡುಕುತ್ತವೆ. ನಾನು ಮೂರು ಸಲ ಮಗುಚಿದ ಮೇಲೆಯೇ ಜಾಗ ಖಾಲಿ ಮಾಡಿದವು, ತಾಳ್ಮೆ ಬೇಕು.

ಕುದಿಯುವ ನೀರು ಸುರಿಯುವವರಿದ್ದಾರೆ. ಬೇಡ, ಎರೆಹುಳು ಸಾಯುತ್ತವೆ.

ಮಾವಿನ ಸಿಪ್ಪೆ, ಬಾಳೆಹಣ್ಣು, ಉಳಿದ ಅನ್ನ ಮೇಲೆ ಸುಮ್ನೆ ಎಸೆಯಬೇಡಿ. ನಡುವೆ ಹೂತು, ಮೇಲೆ ಒಣ ಎಲೆ ಇಲ್ಲವೇ ತೆಂಗಿನ ನಾರಿನ ಪುಡಿ ಮುಚ್ಚಿ. ತಾರಸಿಯಲ್ಲಿ ಡಬ್ಬ ಇಟ್ಟವರು ಅದನ್ನು ಸ್ಟ್ಯಾಂಡ್ ಮೇಲಿಟ್ಟು, ಕಾಲುಗಳ ಕೆಳಗೆ ಸೋಪು ನೀರಿನ ಬಟ್ಟಲು ಇಡಿ. ಸೊಳ್ಳೆ ಆಗದ ಹಾಗೆ ಎರಡು ಮೂರು ದಿನಕ್ಕೊಮ್ಮೆ ಆ ನೀರು ಬದಲಿಸಿ.