ಮುಂಭಾಗದ ಎಲೆ ಚಿತ್ರ ಬಿಡಿ, ಬಾಟಲಿ ತಿರುಗಿಸಿ ನೋಡಿ

ಮುಖಕ್ಕೆ ಹಚ್ಚುವ ತೆಳು ದ್ರವವಾದ ನನ್ನ ಮೊದಲ ವಿಟಮಿನ್ ಸಿ ಸೀರಮ್ ಎರಡೇ ತಿಂಗಳಲ್ಲಿ ಕೆಟ್ಟುಹೋಯಿತು. ತಂದಾಗ ನೀರಿನ ಹಾಗೆ ತಿಳಿಯಾಗಿತ್ತು. ಸ್ನಾನದ ಮನೆಯ ಕಿಟಕಿಯಲ್ಲಿ ಇಟ್ಟಿದ್ದೆ. ಮೊದಲು ಹಳದಿಯಾಯಿತು, ಆಮೇಲೆ ಕಂದು. ಡ್ರಾಪರ್ ಹಿಡಿದ ಬೆರಳ ತುದಿಗೂ ಕಂದು ಕಲೆ.

ಬಿಸಿಲು ಬಿದ್ದಾಗ ಚರ್ಮದಲ್ಲಿ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ, ಅಂದರೆ ಎಲೆಕ್ಟ್ರಾನ್ ಕೊರತೆಯಿಂದ ಚರ್ಮಕ್ಕೆ ಹಾನಿ ಮಾಡುವ ಕಣಗಳು. ವಿಟಮಿನ್ ಸಿಯಂಥ ಆಂಟಿಆಕ್ಸಿಡೆಂಟ್ ಅವಕ್ಕೆ ತನ್ನ ಎಲೆಕ್ಟ್ರಾನ್ ಕೊಟ್ಟು ಸುಮ್ಮನಾಗಿಸುತ್ತದೆ. ಗಾಳಿ, ಬೆಳಕು, ಬಿಸಿ ತಾಗಿ ಆ ಕೊಡುವ ಶಕ್ತಿ ಬಾಟಲಿಯೊಳಗೇ ಖರ್ಚಾದರೆ ಮುಖಕ್ಕೆ ಏನು ಉಳಿಯುತ್ತದೆ?

ಅದಕ್ಕೇ ಕೊಳ್ಳುವಾಗ ಮೊದಲು ಬಾಟಲಿ ನೋಡಿ. ಗಾಢ ಬಣ್ಣದ್ದು ಅಥವಾ ಗಾಳಿ ಒಳಗೆ ಹೋಗದ ಪಂಪ್ ಇರುವುದು ಒಳ್ಳೆಯದು. ಅಗಲ ಬಾಯಿಯ ಡಬ್ಬಿ ಬೇಡ. ಆಮೇಲೆ ಹಿಂಭಾಗದ ಪದಾರ್ಥಗಳ ಪಟ್ಟಿ ಓದಿ. ಜಾಸ್ತಿ ಇರುವುದು ಮೊದಲು ಬರುತ್ತದೆ. ಆಂಟಿಆಕ್ಸಿಡೆಂಟ್ ಎಂದು ಎಲೆ ಚಿತ್ರ ಹಾಕಿ ಮಾರುವ ಗ್ರೀನ್ ಟೀ ಅಲ್ಲಿ ‘ಕಮೀಲಿಯಾ ಸೈನೆನ್ಸಿಸ್’ ಎಂಬ ಹೆಸರಲ್ಲಿರುತ್ತದೆ. ಸುಗಂಧಕ್ಕಿಂತ ಎಷ್ಟೋ ಕೆಳಗೆ ಇದ್ದರೆ, ಎಲೆ ಚಿತ್ರ ಎಷ್ಟು ದೊಡ್ಡದಿದ್ದರೂ ನಾನು ಕೊಳ್ಳುವುದಿಲ್ಲ.

ವಿಟಮಿನ್ ಸಿ ಜೊತೆ ವಿಟಮಿನ್ ಇ, ಫೆರುಲಿಕ್ ಆಸಿಡ್ ಇವೆಯಾ ನೋಡಿ. ಫೆರುಲಿಕ್ ಅಕ್ಕಿ, ಗೋಧಿಯ ತೌಡಿನಲ್ಲಿ ಇರುವಂಥದ್ದು. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 15% ಸಿ, 1% ಇ ಇದ್ದ ದ್ರಾವಣಕ್ಕೆ 0.5% ಫೆರುಲಿಕ್ ಸೇರಿಸಿದಾಗ ಬಿಸಿಲಿನ ವಿರುದ್ಧ ಚರ್ಮಕ್ಕೆ ಸಿಗುವ ರಕ್ಷಣೆ ದುಪ್ಪಟ್ಟಾಯಿತು. ದ್ರಾವಣವೂ ಬೇಗ ಕೆಡಲಿಲ್ಲ. ಅಂದಹಾಗೆ, ಸೀರಮ್‌ಗಳ ವಿಟಮಿನ್ ಸಿ ಸಾಮಾನ್ಯವಾಗಿ ಹಣ್ಣು ಹಿಂಡಿ ತೆಗೆದದ್ದಲ್ಲ, ಗ್ಲೂಕೋಸ್‌ನಿಂದ ತಯಾರಿಸಿದ್ದು. ಚಿಂತೆ ಬೇಡ, ಅಣು ಒಂದೇ.

ಗಿಡದ್ದು ಅಂದಮಾತ್ರಕ್ಕೆ ಚರ್ಮಕ್ಕೆ ಒಗ್ಗುತ್ತದೆ ಅಂತಲ್ಲ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಕೆಲವು ದಿನ ಹಾಗೇ ಮಾಡಿ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ನಿಂಬೆಹಣ್ಣನ್ನಂತೂ ಮುಖಕ್ಕೆ ಉಜ್ಜಲೇಬೇಡಿ. ಅದರ ರಸ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂಥ ಗುಳ್ಳೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು.

ಬೆಳಿಗ್ಗೆ ಮುಖ ತೊಳೆದು ಒರೆಸಿ ನಾಲ್ಕೈದು ಹನಿ ಸೀರಮ್ ಹಚ್ಚಿದರೆ ಸಾಕು. ಅದು ಹೀರಿಕೊಂಡ ಮೇಲೆ ಸನ್‌ಸ್ಕ್ರೀನ್ ಹಚ್ಚಲೇಬೇಕು, ಅದರ ಕೆಲಸವನ್ನು ಸೀರಮ್ ಮಾಡುವುದಿಲ್ಲ.

ಈಗ ನಾನು ಬಾಟಲಿಯನ್ನು ತಂಪಾದ ಕಪಾಟಿನಲ್ಲಿ ಇಡುತ್ತೇನೆ. ತೆರೆದ ದಿನವೇ ತಳದಲ್ಲಿ ತಾರೀಖು ಬರೆಯುತ್ತೇನೆ. ವಾರಕ್ಕೊಮ್ಮೆ ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು ಬೆಳಕಿನಲ್ಲಿ ನೋಡುತ್ತೇನೆ. ತಿಳಿ ಹಳದಿ ಇದ್ದರೆ ಬೇಗ ಬಳಸಿ ಮುಗಿಸುತ್ತೇನೆ. ಕಂದಾಗಿದ್ದರೆ ಎಷ್ಟೇ ಉಳಿದಿರಲಿ, ಚೆಲ್ಲಿಬಿಡುತ್ತೇನೆ.